ಹೊಗಳಿಕೆಯ ಪಾಠ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಕಲಿಸುವವನಿಗೆ ಮಾನವಿಲ್ಲ. ಗಾದೆ ಹೀಗಿಲ್ಲ ಅಂತೀರಾ? ಇರಲಿಕ್ಕಿಲ್ಲ. ತಿಕೋಟಾದ ಒಂದು ಒಣದ್ರಾಕ್ಷಿ ಶೆಡ್ಡಿನಲ್ಲಿ ನಡೆದದ್ದು ಮಾತ್ರ ಹೀಗೆಯೇ. ಸುಳ್ಳಾದರೆ ನನಗೆ ಬೇರೆ ಹೆಸರಿಡಿ.

ದ್ರಾಕ್ಷಿ ಹಸನು ಮಾಡುವ ಯಂತ್ರ ಕೂಡಿಸಲು ಚೀನಾದಿಂದ ಲ್ಯು ಎಂಬ ಮೇಸ್ತ್ರಿ ಬಂದಿದ್ದ. ದ್ರಾಕ್ಷಿಯ ಕಡ್ಡಿ ಕೀಳುವ ಇಪ್ಪತ್ತು ಹೆಂಗಸರಲ್ಲಿ ಇಬ್ಬರನ್ನು ಅವನು ಯಂತ್ರಕ್ಕೆ ಆರಿಸಬೇಕು, ಉಳಿದವರು ಮನೆಗೆ. ಹದಿನೆಂಟು ವರ್ಷದಿಂದ ಅಲ್ಲೇ ದುಡಿಯುತ್ತಿದ್ದ ಪೀರಾಂಬಿ ಗುಮಾಸ್ತ ಸಿದ್ದಲಿಂಗೇಶನ ಮೇಜಿಗೆ ಬಂದಳು.

“ತಮ್ಮಾ, ನನ್ನ ಕೈ ಚುರುಕ ಅದಾವು, ನಡತಿ ಚಲೋ ಐತಿ ಅಂತ ಅವನ ಭಾಷಾದಾಗ ಹೆಂಗ ಹೇಳೂದು?”

ಬೆಳಗಿನಿಂದ ಲ್ಯುನ ನಡಿಗೆ ಅಣಕಿಸಿ ಶೆಡ್ಡನ್ನೆಲ್ಲ ನಗಿಸಿದ್ದ ಸಿದ್ದಲಿಂಗೇಶ ಮೊಬೈಲು ತಡಕಿದ. “ಬಾಯಿಪಾಠ ಮಾಡ್ಕೊ ಚಾಚಿ. ಇಂಗ್ಲಿಷಿನ್ಯಾಗ, ಐ ಆ್ಯಮ್ ಕ್ಲಮ್ಜಿ ಆ್ಯಂಡ್ ರೂಡ್. ಚೀನೀ ಭಾಷಾದಾಗ, ಬನ್ ಶೋ ಬನ್ ಜ್ಯಾವ್, ಮೇ ಗ್ವೇಜ್ಯು. ಎರಡೂ ಅಂದುಬಿಡು, ಅಂವ ದಂಗಾಗ್ತಾನ.”

ಕೈಕಾಲು ಹಿಡಿತದಲ್ಲಿಲ್ಲದವಳು, ರೀತಿ ರಿವಾಜು ತಿಳಿಯದವಳು. ಎರಡರ ಅರ್ಥವೂ ಇಷ್ಟೇ. ಪೀರಾಂಬಿ ರೊಟ್ಟಿ ತಿನ್ನುವ ಹೊತ್ತಿನಲ್ಲೂ ಅದನ್ನೇ ಗುನುಗಿದಳು.

ಮಧ್ಯಾಹ್ನ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಲ್ಯುನ ಮುಂದೆ ಎರಡೂ ಭಾಷೆಯಲ್ಲಿ ತಪ್ಪಿಲ್ಲದೆ ಒಪ್ಪಿಸಿದಳು. ಸಿದ್ದಲಿಂಗೇಶ ಫೈಲಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕ. ಲ್ಯು ಕಣ್ಣರಳಿಸಿದ. ಮೊಬೈಲಿಗೆ ಏನೋ ಹೇಳಿ ಅವಳತ್ತ ಹಿಡಿದ. ಅದು ಕನ್ನಡದಲ್ಲಿ ಕೇಳಿತು: “ಇದು ನಿಜವೇ?”

“ಖುದಾನ ಆಣಿ ನಿಜ ರೀ! ಹುಟ್ಟಿದಾಗಿಂದ ಹಿಂಗ ಅದೀನಿ. ಬೇಕಾದ್ರ ಮಂದೀನ ಕೇಳ್ರಿ. ನನ್ನ ಮಗಳು ಸಮ್ರೀನ ಅಲ್ಲಿ ಕುಂತಾಳಲ್ಲ, ಆಕಿ ನನಗಿಂತ ಒಂದ ಕೈ ಮ್ಯಾಲ!”

ಸಿದ್ದಲಿಂಗೇಶನ ನಗು ನಿಂತಿತು. ಮಗಳ ಹೆಸರು ಅವನ ಪಾಠದಲ್ಲಿರಲಿಲ್ಲ.

ಲ್ಯು ಅವನತ್ತ ತಿರುಗಿ ಹರಕು ಇಂಗ್ಲಿಷಿನಲ್ಲಿ ಹೇಳಿದ: ಈ ಯಂತ್ರದ ಬೆಲ್ಟು ಬೆರಳು ಕತ್ತರಿಸುತ್ತದೆ, ಕೈ ಹಿಡಿತದಲ್ಲಿಲ್ಲ ಅಂತ ಮೊದಲೇ ಹೇಳಿದಳಲ್ಲ, ಒಳ್ಳೆಯ ಹೆಂಗಸು. ತಾನು ಮಾಡಿದ್ದು ಚೇಷ್ಟೆ ಎಂದರೆ ಗುಮಾಸ್ತನ ಕುರ್ಚಿ ಹೋಗುತ್ತಿತ್ತು. ಸಿದ್ದಲಿಂಗೇಶ ಬಾಯಿ ತೆರೆದ, “ಯಸ್ ಸರ್” ಎಂದ.

ಲ್ಯು ಪೀರಾಂಬಿಗೆ ತಲೆಬಾಗಿ, ಪಟ್ಟಿಯಲ್ಲಿ ತಾಯಿ ಮಗಳ ಹೆಸರುಗಳ ಮೇಲೆ ಅಡ್ಡಗೆರೆ ಎಳೆದ.

“ನೋಡಿದ್ಯಾ, ನಮಸ್ಕಾರ ಮಾಡಿ ಗುರ್ತ ಹಾಕ್ಯಾನ! ತಾಯಿ ಮಗಳು ಇಬ್ರೂ ಉಳದ್ವಿ!” ಪೀರಾಂಬಿ ಒಂದು ಹಿಡಿ ಹಸಿರು ಒಣದ್ರಾಕ್ಷಿ ಬಾಚಿ ಸಿದ್ದಲಿಂಗೇಶನ ಬಾಯಿಗೆ ತುರುಕಿದಳು. “ಬಾಯಿ ಸೀ ಮಾಡ್ಕೊ ತಮ್ಮಾ, ನಿನ್ನ ಪುಣ್ಯ!”

ಅವಳ ಬಾಯಲ್ಲಿ ಬಂದ ಆ ಚೀನೀ ಮಾತಿಗೆ ಹೆಂಗಸರೆಲ್ಲ ಇನ್ನೂ ಬಿದ್ದು ಬಿದ್ದು ನಗುತ್ತಿದ್ದರು. ಅಗಿಯಲಾಗದೆ, ಉಗುಳಲಾಗದೆ ಅವನು ನಿಂತಿದ್ದ. ಪೀರಾಂಬಿಯ ನಗು ಎಲ್ಲರದಕ್ಕಿಂತ ಜೋರಾಗಿ ತಗಡಿನ ಮಾಡಿಗೆ ಬಡಿಯುತ್ತಿತ್ತು.