ಅದಲುಬದಲಾದ ರೀಲು

ಆಗಷ್ಟೇ ಮಣ್ಣು ಮಾಡಿದ್ದ ಅಪ್ಪ ಪರದೆಯ ಮೇಲೆ ಮತ್ತೆ ಬಾಗಿಲು ತಳ್ಳಿಕೊಂಡು ಬಂದ. ಕೊಡೆ ಕೊಡವುತ್ತ, "ಊಟ ಆಯ್ತೇನ್ರೋ?" ಎಂದು ಮಕ್ಕಳನ್ನು ಕೇಳಿದ. ಕಾಲೇಜಿನ ಕಲಾಕೇಂದ್ರದ ಚಳಿಗಾಲದ ಚಿತ್ರಸರಣಿಗೆ ಬಂದಿದ್ದ ಹುಡುಗರೆಲ್ಲ ಗೊಳ್ಳನೆ ನಕ್ಕರು.

"ಅಯ್ಯೋ, ಮೊದಲ್ನೇ ರೀಲು ಕೊನೆಗೆ ಹಾಕ್ಬಿಟ್ಟೆ!" ಹಿಂದೆ ಪ್ರೊಜೆಕ್ಟರ್ ನಡೆಸುತ್ತಿದ್ದವನು ತಲೆ ಚಚ್ಚಿಕೊಂಡು ಸ್ವಿಚ್ಚಿಗೆ ಕೈ ಹಾಕಿದ.

"ಬೇಡ ಕಣಪ್ಪ, ಓಡ್ಲಿ ಬಿಡು," ಎಂದರು ಕೊನೆಯ ಸಾಲಿನಲ್ಲಿದ್ದ ಇತಿಹಾಸದ ಮೇಡಂ. ಗಂಡ ತೀರಿಕೊಂಡ ಮೇಲೆ ಅವರು ಸಿನಿಮಾಕ್ಕೆ ಬಂದದ್ದು ಇದೇ ಮೊದಲು. ಆ ದನಿ ಕೇಳಿ ನಗು ತಾನಾಗಿಯೇ ಅಡಗಿತು.

ಮಕ್ಕಳು ಓಡಿ ಬಂದು ಅಪ್ಪನ ಕಾಲು ತಬ್ಬಿಕೊಂಡರು. ಸತ್ತವನು ಬಾಯ್ತುಂಬ ನಕ್ಕ. ಮೇಡಂ ಪರದೆಯಿಂದ ಕಣ್ಣು ಕೀಳದೆ, ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ಕೈಚೀಲವನ್ನು ಮೆಲ್ಲಗೆ ಎತ್ತಿ ಮಡಿಲಲ್ಲಿಟ್ಟುಕೊಂಡು ಜಾಗ ಬಿಟ್ಟರು.