ಗೋಡೆ ಜೊತೆ ಮಾತು

ಮದುವೆಯಾಗಿ ಆರು ವರ್ಷ ಕಾದ ಮೇಲೆ ಅವಳಿಗೆ ಮಸ್ಕತ್ತಿನ ವೀಸಾ ಬಂದಿತ್ತು. ಅಲ್ಲಿನ ಶಾಲೆಯೊಂದರಲ್ಲಿ ಟೀಚರ್ ಕೆಲಸವೂ ಸಿಕ್ಕಿತ್ತು.

"ಹೊಸ ಬಿಲ್ಡಿಂಗು ಕಣೇ. ನನಗಿಂತ ಮುಂಚೆ ಈ ಮನೇಲಿ ಯಾರೂ ಇರ್ಲಿಲ್ಲ," ಎನ್ನುತ್ತಾ ಗಂಡ ಬೀಗ ತೆಗೆದ.

"ಇಷ್ಟು ವರ್ಷ ಒಬ್ರೇ ಹೇಗಿದ್ರಿ?"

"ಹೇಗೋ ದಿನ ದೂಡಿದೆ. ಗೋಡೆ ಜೊತೆ ಮಾತಾಡ್ಕೊಂಡು."

ಅವಳಿಗೆ ಅಳು ತಡೆಯಲಾಗಲಿಲ್ಲ. ಇನ್ನು ಇವರನ್ನು ಒಂದು ಹೊತ್ತೂ ಒಂಟಿಯಾಗಿ ಉಣ್ಣಲು ಬಿಡಬಾರದು ಅಂದುಕೊಂಡಳು.

ಮರುದಿನ ಬೆಳಿಗ್ಗೆ ಶಾಲೆಗೆ ಹೊರಡಬೇಕೆಂದು ಸ್ನಾನಕ್ಕೆ ಹೋದಳು. ಊರಿನಲ್ಲಿ ಮಾಡುತ್ತಿದ್ದಂತೆ ಹಣೆಯ ಬಿಂದಿ ಕಿತ್ತು ಬಚ್ಚಲ ಗೋಡೆಗೆ ಅಂಟಿಸಲು ಕೈಯೆತ್ತಿದಳು.

ಅಲ್ಲಿ ಆಗಲೇ ಒಂದು ಕೆಂಪು ಬಿಂದಿ ಇತ್ತು. ಅದಕ್ಕಿಂತ ಬಹಳ ಕೆಳಗೆ, ಮಗುವಿನ ಕೈಗೆಟಕುವಷ್ಟು ಎತ್ತರದಲ್ಲಿ, ಪುಟ್ಟದೊಂದು.