ಗೋಡೆಯ ಮೇಲಿನ ಕಾಡುಟಗರು

ನಾಲ್ಕನೇ ಮಹಡಿಯಿಂದ ಎಸೆದ ಗೇಟಿನ ಕೀಲಿ ನೇರವಾಗಿ ಸಿಡ್ನಿಯ ಅಂಗೈಗೇ ಬಂದು ಬಿತ್ತು. ಕೈಯನ್ನು ಅವನು ಒಂದಿಷ್ಟೂ ಆಚೀಚೆ ಸರಿಸಬೇಕಾಗಲಿಲ್ಲ. ತಲೆಯೆತ್ತಿದ. ಬಾಲ್ಕನಿಯಲ್ಲಿದ್ದ ಹೆಂಗಸು ಆಗಲೇ ಒಳಗೆ ಹೋಗಿಯಾಗಿತ್ತು.

"ನನ್ನ ಹೆಂಡತಿ ಸರ್," ಎಂದ ಮೋಹನದಾಸ ಪೆಚ್ಚುನಗೆ ನಕ್ಕು. "ತವರಿನ ತೆಂಗಿನ ತೋಟದಲ್ಲಿ ಮಂಗಗಳಿಗೆ ಕವಣೆ ಹೊಡೆದ ಕೈ."

ಮೋಹನದಾಸ ಕೀಲಿ ಮರೆತು ಆಫೀಸಿಗೆ ಹೋಗಿದ್ದು ಗಾಬರಿಯಿಂದ. ಹೊಸ ಜನರಲ್ ಮ್ಯಾನೇಜರು ತಾನಾಗಿಯೇ ಊಟಕ್ಕೆ ಬರುತ್ತೇನೆಂದರೆ ಯಾರಿಗಾದರೂ ಗಾಬರಿಯಾಗುತ್ತದೆ. ಅದರಲ್ಲೂ ಈ ಸಿಡ್ನಿ, ಕಂಪನಿಯ ಮಾಲೀಕ ಅರ್ಬಾಬರ ಜೊತೆ ಪ್ರತಿವರ್ಷ ಬೇಟೆಗೆ ಹೋಗುವವನು. ಮಂಗಳೂರಿನವನು, ಮಾತು ಕಡಿಮೆ, ನೋಟ ಜಾಸ್ತಿ.

ಬಹರೈನಿನ ಬುಸೈತೀನ್ ಬಡಾವಣೆಯ ಆ ಕಟ್ಟಡದಲ್ಲಿ ಲಿಫ್ಟ್ ಕೆಟ್ಟು ವರ್ಷವಾಗಿತ್ತು. ಹೆಂಡತಿ ನೀರಜಾಕ್ಷಿ ಅಕ್ಕಿಮೂಟೆ ಹೊತ್ತು ದಡದಡ ಹತ್ತುತ್ತಿದ್ದ ಮೆಟ್ಟಿಲಲ್ಲಿ ಮೋಹನದಾಸ ಎರಡು ಕಡೆ ನಿಂತು ಏದುಸಿರು ಬಿಟ್ಟ. ಸಿಡ್ನಿ ಅದನ್ನೂ ನೋಡಿದ.

ಹಾಲಿಗೆ ಕಾಲಿಟ್ಟರೆ ಎದುರಿಗೇ ಅದು. ಕಾಡುಟಗರಿನ ತಲೆ; ಸುತ್ತಿ ಸುತ್ತಿ ಬಂದ ಜೋಡಿ ಕೊಂಬು. ಪಕ್ಕದಲ್ಲೊಂದು ಫೋಟೋ: ಬೆಟ್ಟದ ಮೇಲೆ ಮೋಹನದಾಸ, ಕೈಯಲ್ಲಿ ಸತ್ತ ಟಗರಿನ ಕೊಂಬು, ತೊಡೆಯ ಮೇಲೆ ಕೋವಿ. ಮೂರು ವರ್ಷದ ಹಿಂದೆ ಅರ್ಬಾಬರು ತಜಿಕಿಸ್ತಾನದ ಬೆಟ್ಟಕ್ಕೆ ಗಂಡಹೆಂಡಿರಿಬ್ಬರನ್ನೂ ಕರೆದೊಯ್ದಾಗಿನದ್ದು. ಅಂದಿನಿಂದ ಅವನು ಅರ್ಬಾಬರ ಬಾಯಲ್ಲಿ 'ಶಿಕಾರಿ'. ಡಿಪ್ಲೊಮ್ಯಾಟಿಕ್ ಏರಿಯಾದ ಆಫೀಸಿನಲ್ಲಿ ಅವರ ಪಕ್ಕದ ಕ್ಯಾಬಿನ್ನೇ ಅವನದ್ದು.

ಆ ಟಗರನ್ನು ಹೊಡೆದದ್ದು ಮೋಹನದಾಸನಲ್ಲ. ಅದು ಗೊತ್ತಿದ್ದದ್ದು ಅವನಿಗೆ, ನೀರಜಾಕ್ಷಿಗೆ, ಮತ್ತೆ ಇವರ ಭಾಷೆ ಬಾರದ ಒಬ್ಬ ಬೆಟ್ಟದ ಗೈಡಿಗೆ. ಅರ್ಬಾಬರಿಗೆ ಬೇರೆ ಏನನ್ನಾದರೂ ಸಹಿಸಲು ಆಗುತ್ತಿತ್ತು, ಸುಳ್ಳನ್ನು ಮಾತ್ರ ಸಹಿಸಲು ಆಗುತ್ತಿರಲಿಲ್ಲ. ಗೊತ್ತಾದರೆ ಕ್ಯಾಬಿನ್ ಮಾತ್ರವಲ್ಲ, ವೀಸಾವೂ ಹೋದಂತೆಯೇ.

ಕೋರಿರೊಟ್ಟಿ, ಕೋಳಿಸಾರು ಬಂತು. ನೀರಜಾಕ್ಷಿ ಸೌಟು ಎತ್ತಿದ್ದೇ ತಡ, ಮೋಹನದಾಸ ಮೆಲ್ಲಗೆ ಗದರಿದ. "ಬಲಗೈ ಮಾರಾಯ್ತಿ, ಬಲಗೈ." ಅವಳು ಸೌಟು ಬದಲಿಸಿದಳು. ಅರ್ಧ ಸಾರು ಸಿಡ್ನಿಯ ಬಟ್ಟಲಿಗೆ, ಅರ್ಧ ಮೇಜಿಗೆ.

"ಬೇಟೆ ಹೇಗಾಯಿತು, ಹೇಳಿ," ಎಂದ ಸಿಡ್ನಿ.

ಹೇಳಿ ಹೇಳಿ ಸವೆದ ಕಥೆ. ಮೋಹನದಾಸ ಶುರುಮಾಡಿದ. ಬಹರೈನ್ ಕಾವಲಿಯ ಹಾಗೆ ಚಪ್ಪಟೆ. ಇಲ್ಲಿನ ಕಾಲಿಗೆ ಅಲ್ಲಿನ ಏರು ಎಂದರೆ ಒಂದೊಂದು ಹೆಜ್ಜೆಗೂ ಉಸಿರು ಸಾಲ ಕೇಳಬೇಕು. ಅರ್ಬಾಬರು ಹೊಟ್ಟೆ ಕೆಟ್ಟು ಡೇರೆಯಲ್ಲೇ ಉಳಿದರು, ತಮ್ಮ ಕೋವಿ ಕೊಟ್ಟು ಕಳುಹಿಸಿದರು. ಮುಂದೆ ಗೈಡ್, ಹಿಂದೆ ತಾನು, ಚಹಾದ ಫ್ಲಾಸ್ಕ್ ಹಿಡಿದುಕೊಂಡು ನೀರಜಾಕ್ಷಿ. ಕಾಡುಕುರಿ ಎಂದರೆ ತಮಾಷೆಯಲ್ಲ. ಹಿಂಡು ಮೇಯುವಾಗ ಒಂದು ಮಾತ್ರ ತಲೆಯೆತ್ತಿ ಕಾವಲು ನಿಂತಿರುತ್ತದೆ. ಆಚೆ ಗುಡ್ಡದಲ್ಲಿ ಕಲ್ಲು ಜಾರಿದರೂ ಅದಕ್ಕೆ ಗೊತ್ತು. ಬೆಳಗಿನಿಂದ ಹೊಟ್ಟೆಯ ಮೇಲೆ ತೆವಳಿರುತ್ತೀರಿ. ಗಾಳಿ ಒಮ್ಮೆ ತಿರುಗಿತೋ, ಎಲ್ಲ ಮುಗಿಯಿತು.

"ಎದುರುಗಾಳಿಯಾ?" ಎಂದು ಕೇಳಿದ ಸಿಡ್ನಿ.

"ಹಿಂದಿನಿಂದ," ಎಂದ ಮೋಹನದಾಸ.

"ಎದುರಿನಿಂದಲೇ," ಎಂದಳು ನೀರಜಾಕ್ಷಿ ಅಡುಗೆಮನೆಯಿಂದ. "ಹಿಂದಿನಿಂದ ಬೀಸಿದ್ದರೆ ಅದು ನಿಲ್ತಿತ್ತಾ? ನನಗೆ ಎಲ್ಲ ಬಾಯಿಪಾಠ ಆಗಿಹೋಗಿದೆ."

ಸಿಡ್ನಿ ನಕ್ಕ. ಕೋಳಿಯ ಮೂಳೆ ಬದಿಗಿಟ್ಟು ನಿಧಾನವಾಗಿ ಹೇಳಿದ: ಈಗ ಎಷ್ಟೋ ಜನರ ಟಗರನ್ನು ಗೈಡೇ ಹೊಡೆದು ಕೊಡುತ್ತಾನೆ, ಇವರು ಕೊಂಬು ಹಿಡಿದುಕೊಂಡು ನಿಲ್ಲುತ್ತಾರೆ, ಅಷ್ಟೆ.

ಮೋಹನದಾಸ ಬಾಯಿಗೆ ಒಯ್ಯುತ್ತಿದ್ದ ರೊಟ್ಟಿಯನ್ನು ತಟ್ಟೆಗಿಟ್ಟ. ನೀರು ಕುಡಿದ. ಸಿಡ್ನಿ ಏನನ್ನೂ ಕಾಣದವನಂತೆ ತನ್ನ ಪಾಡಿಗೆ ಮಾತಾಡಿದ. ಆ ಬೇಟೆಯ ಹುಚ್ಚು ವಿಚಿತ್ರ. ಹತ್ತು ಸಲ ಬರಿಗೈಯಲ್ಲಿ ಇಳಿದರೂ, ಉಸಿರು ಬಿಗಿಹಿಡಿದು ಅದರ ಕಣ್ಣನ್ನು ನೋಡಿದ ಆ ಒಂದು ಗಳಿಗೆ ಮತ್ತೆ ಮತ್ತೆ ಕರೆಯುತ್ತದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮೋಹನದಾಸನನ್ನು ಮಾತ್ರ ಯಾವುದೂ ಕರೆಯುತ್ತಿರಲಿಲ್ಲ. ಅವನಿಗೆ ನೆನಪಾದದ್ದು ಬಂಡೆಗೆ ತಲೆಯಾನಿಸಿ ವಾಂತಿ ಮಾಡಿಕೊಂಡದ್ದು.

ಸಿಡ್ನಿ ಕೈ ತೊಳೆದು ಬಂದು ಫೋಟೋದ ಎದುರು ನಿಂತ.

"ನೀವು ಎಡಚರಾ?"

"ಅಲ್ಲ ಸರ್. ಯಾಕೆ?"

"ಈ ಕೋವಿಯ ಬೋಲ್ಟ್, ಗುಂಡು ಏರಿಸುವ ಹಿಡಿ, ಎಡಗಡೆ ಉಂಟು. ಅರ್ಬಾಬರು ಎಡಚರು, ಅದಕ್ಕೇ ಹಾಗೆ ಮಾಡಿಸಿದ್ದು. ನಾನೊಮ್ಮೆ ಅದರಲ್ಲಿ ಹೊಡೆಯಲಿಕ್ಕೆ ಹೋಗಿ ಬಂಡೆಗೆ ಹೊಡೆದೆ. ಆ ಗೈಡ್ ಅಂತೂ ಅದನ್ನು ಮುಟ್ಟುವುದೇ ಇಲ್ಲ."

ಮೋಹನದಾಸ ಫೋಟೋದಲ್ಲಿನ ಕೋವಿಯನ್ನು ನೋಡಿದ. ಇಷ್ಟು ದಿನ ಗೋಡೆಗೆ ತಾನೇ ಮೊಳೆ ಹೊಡೆದು ತೂಗುಹಾಕಿದ್ದು ತನ್ನದೇ ತಪ್ಪೊಪ್ಪಿಗೆಯನ್ನು. ಕ್ಯಾಬಿನ್ನು, ವೀಸಾ, ಸೊಸೈಟಿ ಸಾಲ ಎಲ್ಲವೂ ಕಣ್ಣ ಮುಂದೆ ಹಾದುಹೋದವು. ಹೇಳಿಬಿಡೋಣ ಎಂದುಕೊಂಡ. ಧೈರ್ಯ ಬರಲಿಲ್ಲ.

"ಅಕ್ಟೋಬರಿನಲ್ಲಿ ಮತ್ತೆ ಹೋಗುವುದುಂಟು," ಎಂದ ಸಿಡ್ನಿ. "ಅರ್ಬಾಬರದ್ದು ಒಂದೇ ಮಾತು. ಈ ಟಗರನ್ನು ಹೊಡೆದವರು ಯಾರೋ, ಅವರನ್ನು ಕರೆದುಕೊಂಡು ಬಾ ಅಂದಿದ್ದಾರೆ."

ಅವನು ಮೇಜಿನ ಮೇಲೆ ಚೆಲ್ಲಿದ್ದ ಸಾರನ್ನು ನೋಡಿದ. ಕಿಸೆಯಿಂದ ಗೇಟಿನ ಕೀಲಿ ತೆಗೆದ. ಮೋಹನದಾಸ ಕೈ ಚಾಚಿದ. ಸಿಡ್ನಿ ಅವನನ್ನು ದಾಟಿ ಹೋಗಿ, ಅಡುಗೆಮನೆಯ ಬಾಗಿಲಲ್ಲಿ ನಿಂತು, ಕೀಲಿಯನ್ನು ಮೆಲ್ಲಗೆ ಒಳಕ್ಕೆ ಎಸೆದ. ನೀರಜಾಕ್ಷಿ ಸಿಂಕಿನಿಂದ ಪೂರ್ತಿ ತಿರುಗಲೂ ಇಲ್ಲ. ಎಡಗೈ ಚಾಚಿ ಹಿಡಿದಳು.

"ಅಕ್ಕ, ಅಕ್ಟೋಬರಿನಲ್ಲಿ ಪುರುಸೊತ್ತು ಉಂಟಾ?"

"ಉಂಟು," ಎಂದಳು ನೀರಜಾಕ್ಷಿ, ಗಂಡನ ಮುಖ ನೋಡದೆ. "ಆದರೆ ಈ ಸಲ ಫ್ಲಾಸ್ಕ್ ಅವರು ಹಿಡಿದುಕೊಳ್ಳಲಿ, ಕೊಂಬು ಹಿಡಿದುಕೊಂಡು ನಾನು ನಿಲ್ತೇನೆ."